ನೂರು ವೋಲ್ಟಿನ ಹಾಡು

ಮಸ್ಕತ್
14 ನವೆಂಬರ್ 2003

ಪ್ರೀತಿಯ ತಂಗಿ ಪ್ರಭಾಳಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ಗೊತ್ತಾಗಿರುತ್ತದೆ. ಒಲೆಗೆ ಹಾಕುವ ಮೊದಲು ಒಮ್ಮೆ ಓದು. ನಿನ್ನ ಅತ್ತಿಗೆ ಕುಸುಮ ತೀರಿಕೊಂಡಾಗ ಅವಳ ಉತ್ತರಕ್ರಿಯೆಯ ಬೊಜ್ಜಕ್ಕೆ ನೀನು ಬಂದಿದ್ದೆ. "ಊಟ ಆಯ್ತಾ ಅಣ್ಣ" ಎಂದು ಕೇಳಿದ್ದೆ. ಅದೇ ಕೊನೆ, ಮೂರು ವರ್ಷವಾಯಿತು. ಎರಡು ಸಲ ಫೋನ್ ಮಾಡಿದ್ದೆ. ಭಾವ ಎತ್ತಿದರು, ನನ್ನ ಧ್ವನಿ ಕೇಳಿ ಇಟ್ಟರು. ಹಾಗಾಗಿ ಈ ಕಾಗದ.

ವಿಷಯ ಇಷ್ಟೇ, ಭಾವನಿಂದ ಒಂದು ಸಲಹೆ ಬೇಕು. ನಗಬೇಡ.

ನಾನು ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ ಬಾಡಿಗೆ ವಿಲ್ಲಾಗಳ ಎ.ಸಿ., ವೈರಿಂಗ್, ನೀರಿನ ಪಂಪು ನೋಡಿಕೊಳ್ಳುವ ಕಂಪನಿಯಲ್ಲಿದ್ದೇನೆ. ಒಂದು ವಿಲ್ಲಾದಲ್ಲಿ ಜಪಾನಿನ ಎಂಜಿನಿಯರ್ ಮತ್ತು ಅವನ ಹೆಂಡತಿ ಇದ್ದರು. ಇಬ್ಬರಿಗೂ ಅರವತ್ತರ ಹತ್ತಿರ. ಎ.ಸಿ. ನೋಡಲು ಹಿತ್ತಿಲಿಗೆ ಹೋದಾಗೆಲ್ಲ ಒಳಗಿಂದ ಟಿಣಿಟಿಣಿ ಎಂದು ಒಂದು ಹಾಡು ಕೇಳಿಸುತ್ತಿತ್ತು, ಅದರ ಬೆನ್ನಿಗೇ ಅವರಿಬ್ಬರ ನಗು. ಅದೇನೆಂದು ನನಗೆ ತಿಳಿದಿರಲಿಲ್ಲ. ಹೋದ ತಿಂಗಳು ಅವರು ತಮ್ಮ ದೇಶಕ್ಕೆ ಹೋದರು. ಮನೆ ಖಾಲಿ ಮಾಡಿಸುವಾಗ ನೋಡಿದರೆ ಅದು ಸ್ಲಾಟ್ ಮೆಷಿನ್! ಸೊಂಟದೆತ್ತರದ ಪೆಟ್ಟಿಗೆ. ಬಿಲ್ಲೆ ಹಾಕಿ ಸನ್ನೆಗೋಲು ಒತ್ತಿದರೆ ಮೂರು ಉರುಳೆ ತಿರುಗುತ್ತವಂತೆ, ಮೂರು ಗುಂಡಿ ಒತ್ತಿ ನಿಲ್ಲಿಸಬೇಕಂತೆ. ಚಿತ್ರ ಒಂದೇ ಸಾಲಿಗೆ ಬಂದರೆ ಹಾಡು, ಬಿಲ್ಲೆ ವಾಪಸ್.

ಈ ದೇಶದಲ್ಲಿ ಜೂಜು ಎಂದರೆ ಕೇಳಬೇಕೇ. ನಮ್ಮ ಸೂಪರ್‌ವೈಸರ್ ಮುಹಿಯುದ್ದೀನ್ ನೋಡಿದವನೇ ಬೆವತುಹೋದ. "ಯಲ್ಲಾ, ಯಲ್ಲಾ, ಇದನ್ನು ಮೊದಲು ಗುಜರಿಗೆ ಹಾಕು ಮಾರಾಯ" ಎಂದ. ದುಡ್ಡು ಹಾಕುವ ಜಾಗವೇ ಅದರಲ್ಲಿ ಇಲ್ಲ, ಬರೀ ಐವತ್ತು ತಗಡಿನ ಬಿಲ್ಲೆ, ಮನೆ ಆಟಿಕೆ ಎಂದು ಅವನನ್ನು ಒಪ್ಪಿಸಿ, ಬೆಡ್‌ಶೀಟ್ ಹೊದಿಸಿ ನನ್ನ ಕೋಣೆಗೆ ತಂದೆ.

ಮೆಷಿನ್ನಿನ ಹಿಂದಿನ ತಗಡಿನಲ್ಲಿ 100 ವೋಲ್ಟ್ ಎಂದು ಉಂಟು. ಇಲ್ಲಿಯ ಕರೆಂಟು 240. ನನ್ನ ಹತ್ತಿರ ಒಂದು ಹಳೆಯ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಉಂಟು, 220ಕ್ಕೆ 110 ಕೊಡುವಂಥದ್ದು. ಇಲ್ಲಿ ಹಾಕಿದರೆ 120 ಬರುತ್ತದೆ. ಇದನ್ನು ನೂರಕ್ಕೆ ಇಳಿಸುವುದು ಹೇಗೆಂದು ಭಾವನ ಹತ್ತಿರ ಕೇಳುತ್ತೀಯಾ? ತಂತಿ ಸುತ್ತುವ ವೈಂಡಿಂಗಿನಲ್ಲಿ ಅವರ ಕೈ ಇನ್ನೊಬ್ಬರಿಗೆ ಬರುವುದಿಲ್ಲ.

ಉಪವಾಸದ ತಿಂಗಳಾದ್ದರಿಂದ ಕೆಲಸ ಬೇಗ ಮುಗಿಯುತ್ತದೆ. ಮಧ್ಯಾಹ್ನದ ಮೇಲೆ ಏನು ಮಾಡುವುದೆಂದು ತೋಚುವುದಿಲ್ಲ.

ನಿನ್ನ ಅಣ್ಣ
ಸಂಕಪ್ಪ


ಹಳೆಯಂಗಡಿ
2 ಡಿಸೆಂಬರ್ 2003

ಅಣ್ಣನಿಗೆ,

ನಿನ್ನ ಮಂಡೆ ಸರಿ ಉಂಟಾ? ಮೂರು ವರ್ಷದ ಮೇಲೆ ಕಾಗದ ಬಂತೆಂದು ಕಾಲು ತೊಳೆಯದೆ ಓದಲು ಕೂತರೆ, ಜೂಜಿನ ಮೆಷಿನ್ನಿಗೆ ಕರೆಂಟು ಕೊಡುವುದು ಹೇಗೆಂದು ಕೇಳಿದ್ದೀಯಲ್ಲ! ಅದೂ ಈ ಮನೆಯಲ್ಲಿ. 110 ವೋಲ್ಟ್ ಎಂಬ ಮಾತನ್ನು ನಾವು ಬಾಯಿಬಿಟ್ಟು ಆಡದೆ ಹತ್ತು ವರ್ಷದ ಮೇಲಾಯಿತು.

ಅಕ್ಷರ ಸೊಟ್ಟಸೊಟ್ಟ ಉಂಟು, ಸುಧಾರಿಸಿಕೊಂಡು ಓದು. ತೋರುಬೆರಳು, ನಡುಬೆರಳು ಮಡಚುವುದಿಲ್ಲ. ಹೆಬ್ಬೆರಳು ಮತ್ತು ಉಂಗುರದ ಬೆರಳ ನಡುವೆ ಪೆನ್ನು ಸಿಕ್ಕಿಸಿ ಬರೆಯುವುದು. ನೀನು ಸೌದಿಯಿಂದ, ಊರಿಗೆ ಬರುತ್ತಿದ್ದ ನಮ್ಮೂರಿನ ಮಮ್ಮದನ ಕೈಯಲ್ಲಿ ಆ 110ರ ಗಾಜಿನ ಜಾರಿನ ಮಿಕ್ಸಿ ಕಳಿಸಿದ್ದೆಯಲ್ಲ, ಪೆಟ್ಟಿಗೆ ಬಿಚ್ಚಿದ ಖುಷಿಯಲ್ಲಿ ಇವರು ಮೂಲ್ಕಿಯಿಂದ ಬರುವವರೆಗೆ ಕೂಡ ಕಾಯಲಿಲ್ಲ ನಾನು. ನಮ್ಮ 230ಕ್ಕೆ ನೆಟ್ಟಗೆ ಪ್ಲಗ್ ಹಾಕಿದೆ. ಅದು ಬೊಬ್ಬೆ ಹೊಡೆದು ತಿರುಗಿ, ಜಾರು ಒಡೆದು, ಗಾಜು ಕೈಯ ನರಕ್ಕೇ ಹೊಕ್ಕಿತು. ಆಮೇಲೆ ಬೀಡಿ ಕಟ್ಟಲು ಆಗಲಿಲ್ಲ. ದಿನಕ್ಕೆ ಸಾವಿರ ಕಟ್ಟುತ್ತಿದ್ದವಳು! ಬೀಡಿ ಒಪ್ಪಿಸುವ ಬ್ರಾಂಚಿನ ಮುಂದೆ ಹೋಗುವಾಗ ಈಗಲೂ ಆ ಕಡೆ ನೋಡುವುದಿಲ್ಲ.

ತಪ್ಪು ನನ್ನದೂ ಉಂಟು, ಅವಸರದವಳು. ಆದರೆ ನೀನು ಮಿಕ್ಸಿಯ ಜೊತೆಗೆ ಕೊಟ್ಟ ಸ್ಟೆಪ್ ಡೌನನ್ನು ಮಮ್ಮದ್ ದಾರಿಯಲ್ಲಿ ಭಾರವೆಂದು ಎಸೆಯದೆ ಇದ್ದಿದ್ದರೆ ಹೀಗಾಗುತ್ತಿತ್ತೇ? ಇರಲಿ, ಆದದ್ದು ಆಯಿತು.

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಪಂಪಿನ ಕಾಯಿಲ್ ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಊಟಕ್ಕೆ ಕೂತಾಗ ಗೋಡೆ ನೋಡಿಕೊಂಡು ಹೇಳಿದರು: "ಐ.ಟಿ.ಐ. ಮಾಡಿದವನಿಗೆ ಇಷ್ಟು ಗೊತ್ತಿಲ್ವಾ? ಕಾಯಿಲ್ ಮೇಲೆ ಸಪೂರ ತಂತಿ ಹತ್ತು ಸುತ್ತು ಹಾಕ್ಲಿ. ಕರೆಂಟ್ ಕೊಟ್ಟು ಆ ಹತ್ತು ಸುತ್ತಿಗೆ ಎಷ್ಟು ವೋಲ್ಟ್ ಬರ್ತದೆ ಅಂತ ಮೀಟರಿನಲ್ಲಿ ನೋಡ್ಲಿ. ಲೆಕ್ಕ ಅಲ್ಲಿಂದ ಸುರು." ಇದು ನಿನಗೆ ಹೇಳಿದ್ದಲ್ಲವಂತೆ, ಗೋಡೆಗೆ ಹೇಳಿದ್ದಂತೆ. ನಾನು ಗೋಡೆಯ ಪರವಾಗಿ ಬರೆಯುತ್ತಿದ್ದೇನೆ.

ಒಬ್ಬನೇ ಅಡುಗೆ ಮಾಡಿಕೊಳ್ಳುತ್ತೀಯಾ, ಹೋಟೆಲಾ?

ಪ್ರಭಾ


ಮಸ್ಕತ್
20 ಡಿಸೆಂಬರ್ 2003

ಪ್ರಭಾ,

ನಿನ್ನ ಕಾಗದವನ್ನು ಕಂಪನಿಯ ಪೋಸ್ಟ್ ಬಾಕ್ಸಿನಿಂದ ತಂದು, ಮೊದಲು ಓದಲಿಲ್ಲ, ಸುಮ್ಮನೆ ನೋಡಿದೆ. ಶಾಲೆಯಲ್ಲಿ ನಿನ್ನ ದುಂಡು ಅಕ್ಷರಕ್ಕೆ ಬಹುಮಾನ ಬಂದಿತ್ತು. ಅಪ್ಪ ಆ ಕಾಪಿ ಪುಸ್ತಕವನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಬೆರಳು ಮಡಚುವುದಿಲ್ಲ ಎಂದು ಕೇಳಿದ್ದೆ, ಬೊಜ್ಜದ ದಿನ ಸೆರಗಿನಲ್ಲಿ ಕೈ ಮುಚ್ಚಿಕೊಂಡಿದ್ದೆಯಲ್ಲ, ಕಂಡಿರಲಿಲ್ಲ. ಕಂಡದ್ದು ಈಗ, ಅಕ್ಷರದಲ್ಲಿ.

ಗೋಡೆಗೆ ನನ್ನ ನಮಸ್ಕಾರ ಹೇಳು. ಹತ್ತು ಸುತ್ತು ಹಾಕಿ ನೋಡಿದೆ. ಸರಿಯಾಗಿ ಐದು ವೋಲ್ಟ್ ಬಂತು. ಅಂದರೆ ಎರಡು ಸುತ್ತಿಗೆ ಒಂದು ವೋಲ್ಟ್. ಇನ್ನು ಮುಂದೆ?

ಅಡುಗೆ ನಾನೇ. ಗಂಜಿ, ಒಣಮೀನಿನ ಚಟ್ನಿ. ಶುಕ್ರವಾರ ಮತ್ರಾಕ್ಕೆ ಹೋಗಿ ಮೀನು ತರುತ್ತೇನೆ. ಅಲ್ಲಿಯ ಗಲ್ಲಿಯಲ್ಲಿ ಯಾರಾದರೂ ತುಳು ಮಾತಾಡುತ್ತಿದ್ದರೆ ಹಿಂದಿನಿಂದ ಸ್ವಲ್ಪ ದೂರ ನಡೆಯುತ್ತೇನೆ. ಮಾತಿಗೆ ನಿಲ್ಲುವುದಿಲ್ಲ. ಯಾವ ಊರು, ಯಾರ ಮನೆ ಎಂದು ಕೇಳಿದರೆ ಹಳೆಯಂಗಡಿ ಎನ್ನಬೇಕಾಗುತ್ತದಲ್ಲ.

ಕೋಣೆಯಲ್ಲಿ ಮೊದಲು ನಾಲ್ಕು ಜನ ಇದ್ದೆವು. ಈಗ ಮೂರು ಮಂಚ ಖಾಲಿ. ಮೆಷಿನನ್ನು ಖಾಲಿ ಮಂಚದ ಮುಂದೆ ನಿಲ್ಲಿಸಿದ್ದೇನೆ. ಬೆಡ್‌ಶೀಟ್ ಹೊದ್ದು ನಿಂತದ್ದನ್ನು ಕಂಡರೆ ಯಾರೋ ಬಂದ ಹಾಗೆ ಅನಿಸುತ್ತದೆ. ನಿಜ ಹೇಳುತ್ತೇನೆ, ನನಗೆ ಆಟ ಬೇಡ. ಆ ಹಾಡು ಒಮ್ಮೆ ಈ ಕೋಣೆಯಲ್ಲಿ ಕೇಳಬೇಕು, ಅಷ್ಟೇ.

ಅಣ್ಣ


ಹಳೆಯಂಗಡಿ
6 ಜನವರಿ 2004

ಅಣ್ಣನಿಗೆ,

ಗೋಡೆಗೆ ನಮಸ್ಕಾರ ಹೇಳಿದೆ. ಗೋಡೆ "ಹ್ಞೂಂ" ಎಂದಿತು. ಇಷ್ಟು ವರ್ಷದಲ್ಲಿ ಇದೇ ದೊಡ್ಡ ಮಾತು.

ಈಗ ಸರಿಯಾಗಿ ಕೇಳು, ಇವರು ಹೇಳಿದ ಹಾಗೆಯೇ ಬರೆಯುತ್ತೇನೆ. ಇಪ್ಪತ್ತು ವೋಲ್ಟ್ ಇಳಿಸಬೇಕಾದರೆ ನಲವತ್ತು ಸುತ್ತು ಬಿಚ್ಚಬೇಕು. ಹೊರಗಿನ ಪದರದಿಂದ, ಒಂದೊಂದೇ, ಬಾಯಲ್ಲಿ ಎಣಿಸಿಕೊಂಡು. ತಂತಿಯ ವಾರ್ನಿಶ್ ಕೀಳಬಾರದು. ಆಮೇಲೆ ಒಮ್ಮೆಲೇ ಮೆಷಿನ್ನಿಗೆ ಕೊಡಬಾರದು. ಒಂದು ಅರವತ್ತರ ಬಲ್ಬನ್ನು ಟ್ರಾನ್ಸ್‌ಫಾರ್ಮರಿನ ಮುಂದೆ ಸರಣಿಯಲ್ಲಿ ಕಟ್ಟಿ ಕೊಡಬೇಕು. ಬಲ್ಬು ಜೋರಾಗಿ ಉರಿದರೆ ಕೂಡಲೇ ತೆಗೆ, ಒಳಗೆ ಶಾರ್ಟ್. ಮಂದವಾಗಿ ಕೆಂಪಗೆ ನಿಂತರೆ ಸರಿ. ಒಂದು ಗಂಟೆ ಬಿಟ್ಟು ಕಬ್ಬಿಣದ ಮೇಲೆ ಅಂಗೈ ಇಡು. ಇಟ್ಟುಕೊಳ್ಳಲು ಆಗುವಷ್ಟು ಬಿಸಿ ಇದ್ದರೆ ಹೆದರಬೇಡ.

ಇಷ್ಟನ್ನೂ ಇವರು ನನ್ನ ಮುಖ ನೋಡಿಯೇ ಹೇಳಿದರು, ಗೋಡೆಗಲ್ಲ. ಬರೆದಾಯಿತಾ, ಓದು ನೋಡುವಾ ಎಂದು ಎರಡು ಸಲ ಓದಿಸಿದರು. ಕೊನೆಗೆ ಒಂದು ಕೇಳಿದರು: "ಮಸ್ಕತ್ತಿನಲ್ಲಿ 110ರ ಸಾಮಾನೇ ಇಲ್ಲ. ಅವನಿಗೆ ಈ ಸ್ಟೆಪ್ ಡೌನ್ ಎಲ್ಲಿಂದ ಸಿಕ್ಕಿತು?" ನನಗೆ ಗೊತ್ತಿಲ್ಲ ಎಂದೆ. ನೀನೇ ಹೇಳಿಬಿಡು.

ಒಣಮೀನಿನ ಚಟ್ನಿಗೆ ಹುಳಿ ಜಾಸ್ತಿ ಹಾಕಬೇಡ, ನಿನಗೆ ಮೊದಲೇ ಹೊಟ್ಟೆ ಉರಿ.

ಪ್ರಭಾ


ಮಸ್ಕತ್
25 ಜನವರಿ 2004

ಪ್ರಭಾ,

ನಡೆಯಿತು! ಭಾವನಿಗೆ ಹೇಳು, ನಡೆಯಿತು.

ನಲವತ್ತು ಸುತ್ತು ಬಿಚ್ಚಿದೆ. ಇಪ್ಪತ್ತೇಳರಲ್ಲಿ ಮುಹಿಯುದ್ದೀನ್ ಬಂದು ಬಾಗಿಲು ಬಡಿದ, ಎಣಿಕೆ ತಪ್ಪಿ ಬೈದುಕೊಂಡೆ. ಆಮೇಲೆ ಬಿಚ್ಚಿದ ತಂತಿಯ ಬಳೆಗಳನ್ನೇ ಮತ್ತೆ ಎಣಿಸಿದೆ. ಬಲ್ಬು ಕಟ್ಟಿ ಸ್ವಿಚ್ ಹಾಕಿದೆ. ಬಲ್ಬಿನ ತಂತಿ ಕೆಂಪಗಾಗಿ ಅಲ್ಲೇ ನಿಂತಿತು. ಮೀಟರಿನಲ್ಲಿ ನೂರು. ಬಲ್ಬು ತೆಗೆದು ಮೆಷಿನ್ನಿಗೆ ಕೊಟ್ಟೆ. ಮುಖದ ತುಂಬ ದೀಪ ಹತ್ತಿತು, ಹಸಿರು, ಕೆಂಪು, ಹಳದಿ. ಮುಹಿಯುದ್ದೀನ್ ಕೂಡ "ಮಾಷಾ ಅಲ್ಲಾ" ಎಂದು ಕೂಗಿ, ಆಮೇಲೆ ಏನನ್ನು ಹೊಗಳಿದೆನೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಅವನು ಹೋದ ಮೇಲೆ ಬಾಗಿಲು ಹಾಕಿ ಆಡಿದೆ. ಹದಿನೈದನೆಯ ಬಿಲ್ಲೆಗೆ ಮೂರು ಚೆರ್ರಿ ಹಣ್ಣು ಸಾಲಿಗೆ ಬಂದು ಆ ಹಾಡು ಬಂತು. ಹಿತ್ತಿಲಿನಲ್ಲಿ ನಿಂತು ಕೇಳಿದ ಅದೇ ಹಾಡು. ಬಿಲ್ಲೆಗಳು ತಟ್ಟೆಗೆ ಸುರಿದವು. ಹಾಡು ಮುಗಿದ ಮೇಲೆ ಏನೋ ಆಗಬೇಕು ಎಂದು ಕಾಯುತ್ತಾ ಕೂತೆ. ಎಷ್ಟೋ ಹೊತ್ತಾದ ಮೇಲೆ ತಿಳಿಯಿತು, ನಾನು ಕಾಯುತ್ತಿದ್ದದ್ದು ಆ ನಗುವಿಗೆ. ಹಾಡಿನ ನಂತರ ಇಬ್ಬರು ನಗುತ್ತಿದ್ದರಲ್ಲ, ಅದು ಮೆಷಿನ್ನಿನ ಒಳಗೆ ಇರಲಿಲ್ಲ ನೋಡು.

ಸ್ಟೆಪ್ ಡೌನ್ ಹಳೆಯದು, ಎಲ್ಲಿಯದೋ. ಭಾವನಿಗೆ ಹಾಗೇ ಹೇಳು.

ಇನ್ನೊಂದು ವಿಷಯ. ಕಂಪನಿಯ ಗುತ್ತಿಗೆ ಮುಗಿಯಿತು. ಏಪ್ರಿಲ್ ಹದಿನೈದಕ್ಕೆ ವೀಸಾ ಖಲಾಸ್. ಐವತ್ತಾರು ವರ್ಷದವನಿಗೆ ವೀಸಾ ಕೊಡುವ ಹೊಸ ಕಫೀಲ್ ಯಾರು ಸಿಗುತ್ತಾರೆ? ಕುಸುಮಳ ಬಾಡಿಗೆ ಮನೆಯನ್ನು ಅವಳು ಹೋದಾಗಲೇ ಬಿಟ್ಟಾಯಿತು. ಊರಿಗೆ ಬಂದರೆ ಯಾವ ಬಾಗಿಲು ತಟ್ಟುವುದೋ ನನಗೆ ಗೊತ್ತಿಲ್ಲ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಅಣ್ಣ


ಹಳೆಯಂಗಡಿ
12 ಫೆಬ್ರವರಿ 2004

ಅಣ್ಣ,

ಕೇಳುತ್ತಿಲ್ಲವಂತೆ, ಹೇಳುತ್ತಿದ್ದಾನಂತೆ! ಯಾವ ಬಾಗಿಲು ಅಂದರೆ ಎಂಥ ಮಾತು ಅದು? ತಂಗಿ ಸತ್ತಿದ್ದಾಳಾ?

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಮರುದಿನ ಸುಣ್ಣದ ಚೀಲ ತಂದು ಹಾಕಿದರು. "ಎಂತಕ್ಕೆ?" ಎಂದೆ. "ಮೂಲೆ ಕೋಣೆಯಲ್ಲಿ ಪಂಪಿನ ಸಾಮಾನು ತುಂಬಿ ಗಲೀಜಾಗಿದೆ, ಖಾಲಿ ಮಾಡ್ಬೇಕು" ಎಂದರು. ಈಗ ಆ ಕೋಣೆಯಲ್ಲಿ ಬಿಳಿ ಗೋಡೆ, ಒಂದು ಮಂಚ, ಒಂದು ಫ್ಯಾನು. ಫ್ಯಾನಿನ ಕಾಯಿಲನ್ನು ಇವರೇ ಹೊಸದಾಗಿ ಸುತ್ತಿ ಹಾಕಿದ್ದಾರೆ. ನಿನ್ನ ಹೆಸರು ಬಾಯಲ್ಲಿ ಬರುವುದಿಲ್ಲ, ಕೈಯಲ್ಲಿ ಬಂದಿದೆ. ಅಷ್ಟು ಸಾಕು ನನಗೆ. ಎರಡು ದಿನದಿಂದ ಸುಮ್ಮಸುಮ್ಮನೆ ಆ ಕೋಣೆ ಗುಡಿಸುತ್ತಿದ್ದೇನೆ.

ಒಂದೇ ಒಂದು ಕೆಲಸ ಮಾಡಿ ಬಾ. ಮಮ್ಮದ್ ಈಗ ನಿಮ್ಮ ಒಮಾನಿನಲ್ಲೇ ಸಹಮ್ ಎಂಬಲ್ಲಿ ಅಂಗಡಿ ಇಟ್ಟಿದ್ದಾನಂತೆ. ಅವನ ಹೆಂಡತಿ ಇಲ್ಲೇ ಇದ್ದಾಳೆ, ಎದುರು ಸಿಕ್ಕಿದರೆ ತಲೆ ತಗ್ಗಿಸಿ ಹೋಗುತ್ತಾಳೆ. ನನ್ನ ಕೈ ಹೋದಾಗಿನ ಆ ಗಲಾಟೆಯಲ್ಲಿ ಮಸೀದಿಯ ಮುಂದೆ ನಿಂತು, ತಾನು ಏನನ್ನೂ ಎಸೆದಿಲ್ಲ ಎಂದು ಅವನು ಆಣೆ ಮಾಡಿದ, ಆದರೂ ಇವರು ಅವನ ಮಾತು ಕೇಳಲಿಲ್ಲ. ಒಂದೇ ಬೆಂಚಿನಲ್ಲಿ ಓದಿದವರು ಇಬ್ಬರೂ. ನೀನು ಹೊರಡುವ ಮೊದಲು ಸಹಮ್‌ಗೆ ಹೋಗಿ ಅವನನ್ನು ಒಮ್ಮೆ ಕೇಳು. ಜಗಳಕ್ಕಲ್ಲ. ನನಗೀಗ ಸಿಟ್ಟಿಲ್ಲ. ಆ ಸ್ಟೆಪ್ ಡೌನನ್ನು ಅವನು ಎಲ್ಲಿ ಬಿಟ್ಟ ಎಂದು ಗೊತ್ತಾದರೆ ಸಾಕು, ನನ್ನ ಮನಸ್ಸು ಅಲ್ಲಿಗೆ ನಿಲ್ಲುತ್ತದೆ.

ಬರುವಾಗ ನನಗೆ ಏನೂ ತರಬೇಡ.

ಪ್ರಭಾ


ಮಸ್ಕತ್
27 ಫೆಬ್ರವರಿ 2004

ಪ್ರಭಾ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ.

ಅದನ್ನು ಮಮ್ಮದ್ ಎಲ್ಲಿಯೂ ಬಿಡಲಿಲ್ಲ. ಅದು ನನ್ನ ಮಂಚದ ಅಡಿಯಲ್ಲಿ ಇತ್ತು. ಈಗ ಮೆಷಿನ್ನಿನ ಪಕ್ಕದಲ್ಲಿ ಉಂಟು. ನೀಲಿ ಬಣ್ಣದ ಪೆಟ್ಟಿಗೆ, ಮೇಲೊಂದು ಹಿಡಿ. ನಾನು ಭಾವನ ಕೈಯಿಂದ ಸರಿಮಾಡಿಸಿಕೊಂಡ ಸ್ಟೆಪ್ ಡೌನ್ ಅದೇ.

ಅವತ್ತು ಸೌದಿಯ ದಮ್ಮಾಮಿನಲ್ಲಿ ಮಮ್ಮದ್ ಹೇಳಿದ್ದ, "ಸಂಕಪ್ಪಣ್ಣ, ನಿಮ್ಮ ಪೆಟ್ಟಿಗೆ ಹತ್ತು ಕೆ.ಜಿ. ದಾಟ್ಬಾರ್ದು, ನನ್ನದೂ ಉಂಟಲ್ಲ" ಎಂದು. ಮಿಕ್ಸಿ ನಾಲ್ಕು, ಸ್ಟೆಪ್ ಡೌನ್ ನಾಲ್ಕು, ಕುಸುಮಳಿಗೆ ಒಂದು ಕಂಬಳಿ, ಹುಲಿಯ ಚಿತ್ರದ್ದು, ಐದು. ಹದಿಮೂರು ಬಂತು. ಮೂರರಲ್ಲಿ ಒಂದು ತೆಗೆಯಬೇಕಿತ್ತು. ಎಲ್ಲರ ಹೆಂಡತಿಯರಿಗೂ ಆ ಕಂಬಳಿ ಬಂದಿದೆ, ನನಗೊಬ್ಬಳಿಗೇ ಇಲ್ಲ ಎಂದು ಕುಸುಮ ಎರಡು ಕಾಗದ ಬರೆದಿದ್ದಳು. ಭಾವ ಹೇಗೂ ವೈಂಡಿಂಗಿನವರು, ಮಿಕ್ಸಿ ನೋಡಿದ ಕೂಡಲೇ ಅವರೇ ಒಂದು ಸ್ಟೆಪ್ ಡೌನ್ ಸುತ್ತಿಕೊಳ್ಳುತ್ತಾರೆ ಎಂದುಕೊಂಡೆ. ನೀಲಿ ಪೆಟ್ಟಿಗೆ ತೆಗೆದೆ. ಪೆಟ್ಟಿಗೆಗೆ ಹಗ್ಗ ಬಿಗಿದೆ. ಮಮ್ಮದ್ ಕಾರಿನಲ್ಲಿ ಕಾಯುತ್ತಿದ್ದ.

"ಪ್ರಭಾ, ಇದಿಲ್ಲದೆ ಮಿಕ್ಸಿ ಹಾಕಬೇಡ" ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿಯನ್ನು ಸ್ಟೆಪ್ ಡೌನಿಗೇ ಅಂಟಿಸಿದ್ದೆ. ಅದು ಹೊರಗೆ ಉಳಿದಾಗ ಚೀಟಿಯೂ ಹೊರಗೇ ಉಳಿಯಿತು. ಮಿಕ್ಸಿಗೆ ಅಂಟಿಸಬೇಕಿತ್ತು. ಐ.ಟಿ.ಐ. ಮಾಡಿದವನಿಗೆ ಇಷ್ಟು ಗೊತ್ತಿಲ್ವಾ ಎಂದು ಭಾವ ಕೇಳಿದರಲ್ಲ.

ಆಸ್ಪತ್ರೆಯಿಂದ ಭಾವ ಫೋನ್ ಮಾಡಿ "ಸ್ಟೆಪ್ ಡೌನ್ ಎಲ್ಲಿ?" ಎಂದಾಗ ಬಾಯಿಗೆ ಬಂದದ್ದು "ಮಮ್ಮದನ ಹತ್ತಿರ ಕೊಟ್ಟಿದ್ದೆ" ಎಂಬ ಮಾತು. ಯೋಚಿಸಿ ಹೇಳಿದ್ದಲ್ಲ. ಆದರೆ ಮರುದಿನ ಯೋಚಿಸಿಯೂ ತಿದ್ದಲಿಲ್ಲ, ಅದು ನನ್ನ ಪಾಪ. ಸೌದಿ ಬಿಟ್ಟಾಗ ಅದನ್ನು ಎಸೆಯಲು ಹೋದೆ, ಆಗಲಿಲ್ಲ. ಚೀಟಿ ಇನ್ನೂ ಅದರ ಮೇಲೆ ಉಂಟು, ಶಾಯಿ ಮಾಸಿದೆ.

ನಿಜವಾಗಿ ನನಗೆ ಮೆಷಿನ್ ನಡೆಸುವ ದಾರಿ ಗೊತ್ತಿತ್ತು. ನಿಮಗೆ ಒಂದು ಕಾಗದ ಬರೆಯಲು ನೆವ ಬೇಕಿತ್ತು, ಅಷ್ಟೇ. ಸುಣ್ಣ ಹೊಡೆದ ಕೋಣೆಯ ಸುದ್ದಿ ಓದಿದ ಮೇಲೆ ಬಾಯಿ ಮುಚ್ಚಿಕೊಂಡು ಬಂದು ಆ ಫ್ಯಾನಿನ ಕೆಳಗೆ ಮಲಗಬಹುದಿತ್ತು. ಆ ಆಸೆಯೂ ಆಯಿತು. ಆಗುವುದಿಲ್ಲ ಪ್ರಭಾ.

ಸಂಕಪ್ಪ


ಮಸ್ಕತ್
20 ಮಾರ್ಚ್ 2004

ಪ್ರಭಾ,

ಮೂರು ವಾರವಾಯಿತು. ದಿನಾ ಪೋಸ್ಟ್ ಬಾಕ್ಸ್ ನೋಡುತ್ತೇನೆ. ಬೈದಾದರೂ ಬರೆ.

ಮೆಷಿನ್ ಆಮೇಲೆ ಹಚ್ಚಿಲ್ಲ. ಬೆಡ್‌ಶೀಟ್ ಹೊದಿಸಿದ್ದೇನೆ.

ಸಂಕಪ್ಪ


ಹಳೆಯಂಗಡಿ
22 ಮಾರ್ಚ್ 2004

ಸಂಕಪ್ಪನಿಗೆ,

ಅಣ್ಣ ಎಂದು ಬರೆಯಲು ಇವತ್ತು ಕೈ ಬರುವುದಿಲ್ಲ, ಅದು ಮೊದಲೇ ಸರಿಯಿಲ್ಲದ ಕೈ.

ಹನ್ನೊಂದು ವರ್ಷ ನನ್ನ ಅವಸರಕ್ಕೆ ನನಗೇ ಬೈದುಕೊಂಡೆ. ಅನ್ನದ ತುತ್ತು ಎಡಗೈಯಲ್ಲಿ ಎತ್ತುವಾಗಲೆಲ್ಲ ಬೈದುಕೊಂಡೆ. ನಾಲ್ಕು ಅಕ್ಷರದ ಚೀಟಿ! ನೀನು ಕಂಬಳಿ ಆರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಪಾಪ ಕುಸುಮತ್ತಿಗೆ, ಆ ಕಂಬಳಿಯನ್ನು ನನ್ನ ಮುಂದೆ ಯಾವತ್ತೂ ಹೊದೆಯಲಿಲ್ಲ. ಫೋನಿನಲ್ಲಿ ಹೇಳಿದ ಸುಳ್ಳನ್ನು ಹನ್ನೊಂದು ವರ್ಷ ಸಾಕಿದೆಯಲ್ಲ, ಅದಕ್ಕೆ ಸಿಟ್ಟು. ನಿನ್ನ ಕಾಗದ ಓದಿ ಆ ಕೋಣೆಗೆ ಬೀಗ ಹಾಕಿದೆ.

ಇವರಿಗೆ ಓದಿ ಹೇಳಿದಾಗ ಏನಾಯಿತೆಂದು ನಾನು ಬರೆಯುವುದಿಲ್ಲ. ಕೆಳಗೆ ಅವರೇ ಬರೆದಿದ್ದಾರೆ.

ಪ್ರಭಾ

ಸಂಕಪ್ಪ,

ನನಗೆ ಗೊತ್ತಿತ್ತು. ಅವತ್ತು ಆಸ್ಪತ್ರೆಯಿಂದ ಮನೆಗೆ ಬಂದಾಗ ಅಂಗಳದಲ್ಲಿ ಆ ಹಗ್ಗ ಬಿದ್ದಿತ್ತು. ಇವಳು ಕತ್ತಿಯಲ್ಲಿ ಕೊಯ್ದಿದ್ದಳು. ಗಂಟು ಹಾಗೇ ಇತ್ತು, ನಿನ್ನ ಗಂಟು, ಎರಡು ಸುತ್ತು ಹಾಕಿ ಒಳಗಿಂದ ಎಳೆಯುವುದು. ದಾರಿಯಲ್ಲಿ ಯಾರೂ ಬಿಚ್ಚಿರಲಿಲ್ಲ. ಗಂಟು ನನಗೆ ತಿಳಿಯದೇ ಹೋಗುತ್ತದೆಯೇ?

ನಿನ್ನ ಹೆಸರು ಹೇಳಿದರೆ ಇವಳಿಗೆ ತವರು ಎಂಬುದೇ ಇಲ್ಲದೆ ಹೋಗುತ್ತಿತ್ತು. ಅದಕ್ಕೆ ನಿನ್ನ ಜೊತೆ ಮಾತು ಬಿಟ್ಟೆ, ಮಮ್ಮದನ ಮೇಲೆ ಬಂದ ಮಾತಿಗೆ ಸುಮ್ಮನಿದ್ದೆ. ಅವನು ಮಸೀದಿಯ ಮುಂದೆ ಆಣೆ ಮಾಡುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ನೆಲ ನೋಡಿದೆ. ಹಾಗಾಗಿ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ನಿನ್ನೆ ನಾವಿಬ್ಬರೂ ಅವನ ಹೆಂಡತಿಯ ಮನೆಗೆ ಹೋಗಿ ನನ್ನ ಪಾಲಿನ ತಪ್ಪನ್ನು ಹೇಳಿದೆವು. ನಿನ್ನ ಪಾಲಿನದು ಸಹಮ್‌ನಲ್ಲಿ ಉಂಟು. ಹೋಗಿ ಅವನಿಗೆ ನೀನೇ ಹೇಳು. ಈ ಮನೆಗೆ ನೀನು ಬರಬೇಕೋ ಬೇಡವೋ ಎಂದು ಅವನು ಹೇಳಲಿ. ಅವನು ಹೇಳಿದ ಹಾಗೆ.

ಪೂವಪ್ಪ


ಮಸ್ಕತ್
9 ಏಪ್ರಿಲ್ 2004

ಪ್ರಭಾಳಿಗೆ, ಭಾವನಿಗೆ,

ಮೊನ್ನೆ ಸಹಮ್‌ಗೆ ಹೋಗಿದ್ದೆ. ಬಸ್ಸಿನಲ್ಲಿ ಎರಡೂವರೆ ಗಂಟೆ. ಒಂದೇ ದೇಶದಲ್ಲಿ ಏಳೆಂಟು ವರ್ಷ ಇದ್ದು ನಾನು ಹೋಗದ ದಾರಿ ಅದು. ನೀಲಿ ಪೆಟ್ಟಿಗೆ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಮಮ್ಮದನದು ಸಣ್ಣ ಬಕಾಲ. ಅಕ್ಕಿ, ಈರುಳ್ಳಿ, ಸೋಪು ಮಾರುವ ಅಂಗಡಿ. ಗಡ್ಡ ಪೂರ್ತಿ ಬಿಳಿ. ನನ್ನನ್ನು ನೋಡಿದ, ಗುರುತು ಹಿಡಿದ, ಟೊಮೆಟೊ ತೂಗುತ್ತಿದ್ದವನು ತೂಗಿ ಮುಗಿಸಿದ. ಗಿರಾಕಿ ಹೋದ ಮೇಲೆ ನೀಲಿ ಪೆಟ್ಟಿಗೆಯನ್ನು ಅವನ ತಕ್ಕಡಿಯ ಪಕ್ಕ ಇಟ್ಟು ಎಲ್ಲ ಹೇಳಿದೆ. ನಿಂತೇ ಹೇಳಿದೆ. ಅವನು ಚೀಟಿ ಓದಿದ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು.

"ನಾನು ಆ ಹಗ್ಗ ಮುಟ್ಲಿಲ್ಲ ಅಂತ ನನಗೆ ಗೊತ್ತಿತ್ತು. ಮೇಲಿರುವವನಿಗೆ ಗೊತ್ತಿತ್ತು. ಮೂರನೆಯವ ನೀವು. ಪೂವಪ್ಪನಿಗೂ ಗೊತ್ತಿತ್ತಂತೆ, ಹೆಂಡತಿ ಫೋನಿನಲ್ಲಿ ಹೇಳಿದ್ಲು" ಎಂದ. ಆಮೇಲೆ ಬಾಯಿ ಬಿಟ್ಟದ್ದು ಇಷ್ಟು: "ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಊರಿಗೆ ಹೋದೆ ಸಂಕಪ್ಪಣ್ಣ. ಎಲ್ಲರೂ ಊರಿಗೆ ಹೋಗುವಾಗ ಅವರಿವರ ಪಾರ್ಸೆಲ್ ಹೊತ್ತು ಸೊಂಟ ಮುರೀತದೆ. ನನ್ನ ಕೈಗೆ ಯಾರೂ ಒಂದು ಲಕೋಟೆ ಕೊಡ್ಲಿಲ್ಲ. ನನ್ನ ತೂಕ ಯಾವಾಗ್ಲೂ ಕಮ್ಮಿ." ನಾನು ಕಣ್ಣೀರು ಹಾಕಿದೆ. ಅವನು ಹಾಕಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದು ಗಿರಾಕಿ ಬಂತು, ಅವನು ಎದ್ದು ಹೋದ.

ಭಾವ ಬರೆದದ್ದನ್ನು ಅವನಿಗೆ ಹೇಳಿದೆ, ನಾನು ಹಳೆಯಂಗಡಿಗೆ ಹೋಗಬೇಕೋ ಬೇಡವೋ ನೀನೇ ಹೇಳಬೇಕಂತೆ ಎಂದೆ. ಅವನು ಈರುಳ್ಳಿ ಜೋಡಿಸತೊಡಗಿದ. ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ಆಗ ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದ. ಖರ್ಜೂರ, ಹಾಲಿನ ಪುಡಿ, ಮೊಮ್ಮಗಳಿಗೆ ಒಂದು ಫ್ರಾಕು, ನನ್ನ ಕಣ್ಣೆದುರೇ ತುಂಬಿಸಿದ. ತಕ್ಕಡಿಯಲ್ಲಿಟ್ಟು ತೂಗಿ, ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದ: 3 ಕೆ.ಜಿ. 200 ಗ್ರಾಂ. "ಹಳೆಯಂಗಡಿಗೆ ಹೋಗುವವರಲ್ವಾ ನೀವು? ಇದನ್ನು ನನ್ನ ಮನೆಗೆ ಕೊಡಿ. ಅಲ್ಲಿ ಹೆಂಡತಿ ತೂಗಿ ನೋಡ್ತಾಳೆ" ಎಂದ. ಅದೇ ಅವನ ಉತ್ತರ ಎಂದು ನಾನು ಅಂದುಕೊಂಡಿದ್ದೇನೆ. ಕೈ ಕೊಡಲಿಲ್ಲ, ಬಸ್ಸಿನವರೆಗೆ ಬರಲೂ ಇಲ್ಲ.

ಮೆಷಿನ್ ಇಲ್ಲಿಯೇ ಉಳಿಯುತ್ತದೆ. ಸ್ಟೆಪ್ ಡೌನ್ ಇಲ್ಲದೆ ಇನ್ಯಾರಾದರೂ ಅದನ್ನು ಗೋಡೆಗೆ ಸಿಕ್ಕಿಸಿದರೆ ಏನಾಗುತ್ತದೆಂದು ನನಗೆ ಗೊತ್ತಲ್ಲ. ಅದರ ಪ್ಲಗ್ಗನ್ನು ಕತ್ತರಿಸಿ ಹಾಕಿದೆ. ಅದರ ಮೈಗೇ ಒಂದು ಚೀಟಿ ಅಂಟಿಸಿದೆ, "100 ವೋಲ್ಟ್ ಮಾತ್ರ" ಎಂದು. ಇಂಗ್ಲಿಷಿನಲ್ಲಿ ನಾನು ಬರೆದೆ, ಅರಬ್ಬಿಯಲ್ಲಿ ಮುಹಿಯುದ್ದೀನ್ ಬರೆದ. ಕತ್ತರಿಸುವ ಮೊದಲು ಒಂದು ಸಲ ಹಚ್ಚಿದೆ. ಸುಳ್ಳು ಹೇಳುವುದಿಲ್ಲ, ಒಂದೇ ಬಿಲ್ಲೆ. ಚಿತ್ರ ಸಾಲಿಗೆ ಬರಲಿಲ್ಲ, ಹಾಡೂ ಬರಲಿಲ್ಲ.

ಹದಿನಾಲ್ಕಕ್ಕೆ ವಿಮಾನ. ಇವತ್ತು ಸಾಮಾನು ಕಟ್ಟಿದೆ. ಮೂವತ್ತು ಕೆ.ಜಿ. ಬಿಡುತ್ತಾರೆ. ಬಟ್ಟೆ, ಪಾತ್ರೆ, ನನ್ನ ಕೆಲಸದ ಸಲಕರಣೆ, ಮಮ್ಮದನ ಪಾರ್ಸೆಲ್, ನೀಲಿ ಪೆಟ್ಟಿಗೆ, ಮತ್ತೆ ಆ ಹುಲಿಯ ಕಂಬಳಿ. ಬೊಜ್ಜ ಮುಗಿಸಿ ಬರುವಾಗ ಅದನ್ನು ತಂದಿದ್ದೆ. ಮೂರು ವರ್ಷ ಅದನ್ನೇ ಹೊದ್ದದ್ದು, ಈ ಸೆಖೆಯಲ್ಲೂ. ತೂಗಿದರೆ ಮೂವತ್ತನಾಲ್ಕು ಬಂತು.

ಕಂಬಳಿ ತೆಗೆದೆ. ಮುಹಿಯುದ್ದೀನನಿಗೆ ಕೊಟ್ಟೆ. ಅವನ ಕೈಯಲ್ಲಿ ಅದನ್ನು ನೋಡಿದಾಗ ಕುಸುಮಳನ್ನೇ ಬಿಟ್ಟು ಹೋದ ಹಾಗೆ ಆಯಿತು, ಆದರೂ ವಾಪಸ್ ಕೇಳಲಿಲ್ಲ.

ನೀಲಿ ಪೆಟ್ಟಿಗೆ ಎಲ್ಲಕ್ಕಿಂತ ಮೇಲೆ ಉಂಟು, ಚೀಟಿ ಸಮೇತ. ಹಗ್ಗ ನಾನೇ ಬಿಗಿದಿದ್ದೇನೆ, ಅದೇ ಗಂಟು. ವಿಮಾನ ಇಳಿದು ನೇರವಾಗಿ ಮಮ್ಮದನ ಮನೆಗೆ ಬರುತ್ತೇನೆ. ನೀವಿಬ್ಬರೂ ಅಲ್ಲಿಗೇ ಬನ್ನಿ. ಅವನ ಹೆಂಡತಿಯ ಎದುರಿಗೆ ಭಾವ ಆ ಗಂಟು ಬಿಚ್ಚಲಿ. ಕತ್ತಿ ತರಬೇಡಿ.

ಸಂಕಪ್ಪ